ಕಳ್ಬಪ್ಪಿನ ಬಂಡೆಗಳು: ಒಂದು ಬೆಟ್ಟದೂರಿನ ಮಾಹಿತಿ ಕೇಂದ್ರ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವು ಎರಡು ಬೆಟ್ಟಗಳ ನಡುವೆ, ಒಂದು ಕೊಳದ ಸುತ್ತ ಬೆಳೆದ ಊರು. ಆ ಕೊಳದಿಂದಲೇ ‘ಬೆಳ್‌ಗೊಳ’ ಎಂಬ ಹೆಸರು ಬಂದಿತು. ಸಂಸ್ಕೃತ ಶಾಸನಗಳು ಇದನ್ನು ಧವಳಸರೋವರವೆಂದು ಕರೆದಿವೆ. ದಕ್ಷಿಣಕ್ಕೆ ದೊಡ್ಡಬೆಟ್ಟ ಅಥವಾ ವಿಂಧ್ಯಗಿರಿ, ಸಮುದ್ರಮಟ್ಟದಿಂದ ಸುಮಾರು 3350 ಅಡಿ ಎತ್ತರ. ಉತ್ತರಕ್ಕೆ ಚಿಕ್ಕಬೆಟ್ಟ ಅಥವಾ ಚಂದ್ರಗಿರಿ, ಸುಮಾರು 3050 ಅಡಿ. ಚಿಕ್ಕಬೆಟ್ಟದ ಹಳೆಯ ಹೆಸರು ಕಳ್ಬಪ್ಪು, ಸಂಸ್ಕೃತದಲ್ಲಿ ಕಟವಪ್ರ. ಊರಿನ ಚೆಲುವನ್ನು ನೋಡಬೇಕಾದವರು ಈ ಚಿಕ್ಕಬೆಟ್ಟದ ಮೇಲೆ ನಿಂತು ದಕ್ಷಿಣಕ್ಕೆ ಮುಖಮಾಡಬೇಕು: ಕೆಳಗೆ ಕಲ್ಯಾಣಿಯ ನೀರು, ಅದರಾಚೆ ನುಣುಪಾದ ಏಕಶಿಲೆಯ ಬೆಟ್ಟ, ಸುತ್ತಲೂ ತೆಂಗಿನ ತೋಟಗಳು, ಕೆರೆಗಳು.

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂಥ ಎರೆನೆಲದ ಊರಿನಿಂದ ಹೋದವರಿಗೆ ಈ ನೋಟ ಹೊಸದು. ಭೀಮೆ–ಡೋಣಿಗಳ ನಡುವಿನ ನಮ್ಮ ಸೀಮೆಯಲ್ಲಿ ಕಣ್ಣು ಹರಿದಷ್ಟೂ ಬಯಲು, ಬಿಳಿಜೋಳದ ಹೊಲ. ಬೆಟ್ಟವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿಯುವುದು ಹೆಚ್ಚಾಗಿ ಕಾವ್ಯದ ವರ್ಣನೆಗಳಿಂದ. ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳ ಅಧ್ಯಯನ ಪ್ರವಾಸಗಳಲ್ಲಿ ಬೆಳಗೊಳ ತಪ್ಪದೆ ಸೇರುತ್ತದೆ. ಆದರೆ ಅಲ್ಲಿ ಕಳೆಯುವ ಸಮಯ ಸಾಮಾನ್ಯವಾಗಿ ಅರ್ಧ ದಿನ. ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಗೊಮ್ಮಟನನ್ನು ಕಂಡು ಇಳಿದರೆ ಪ್ರವಾಸ ಮುಗಿಯಿತು. ಚಿಕ್ಕಬೆಟ್ಟ ಎಷ್ಟೋ ಸಲ ಉಳಿದೇ ಹೋಗುತ್ತದೆ.

ಯಾವ ಪ್ರವಾಸಿ ಮಾಹಿತಿ ಕೇಂದ್ರವಾದರೂ ಬಂದವರ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಲು ಇರುತ್ತದೆ. ಈ ಸ್ಥಳದ ಹೆಸರೇನು, ಇದನ್ನು ಮಾಡಿಸಿದವರು ಯಾರು, ಇಲ್ಲಿ ಏನು ನಡೆಯಿತು, ಎಷ್ಟು ಹೊತ್ತಿಗೆ ತೆರೆಯುತ್ತದೆ, ಎಲ್ಲಿ ತಂಗಬಹುದು. ಕೊನೆಯ ಎರಡನ್ನು ಬಿಟ್ಟರೆ ಉಳಿದ ಎಲ್ಲ ಪ್ರಶ್ನೆಗಳಿಗೂ ಬೆಳಗೊಳದ ಬಂಡೆಗಳು ಹದಿನಾಲ್ಕು ಶತಮಾನಗಳಿಂದ ಉತ್ತರ ಹೇಳುತ್ತಾ ಬಂದಿವೆ. ಇಂದಿನ ಕರಪತ್ರ, ಫಲಕ ಮತ್ತು ಮಾರ್ಗದರ್ಶಿಗಳ ಮಾತು ಈ ಬಂಡೆಗಳ ಮಾತಿನೊಡನೆ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಬೆಳೆಯುತ್ತಾ ಬಂದ ಶಾಸನಗಳ ಲೆಕ್ಕ

ಬಿ.ಎಲ್. ರೈಸ್ ಅವರು 1889ರಲ್ಲಿ ಬೆಳಗೊಳದ ಶಾಸನಗಳನ್ನು ಪ್ರತ್ಯೇಕ ಸಂಪುಟವಾಗಿ ಪ್ರಕಟಿಸಿದಾಗ ಅದರಲ್ಲಿದ್ದ ಶಾಸನಗಳು 144. ‘ಕವಿಚರಿತೆ’ಯ ಕರ್ತೃ ಆರ್. ನರಸಿಂಹಾಚಾರ್ಯರು ಬಂಡೆ ಬಂಡೆಗಳನ್ನೂ ಮತ್ತೆ ಶೋಧಿಸಿ 1923ರಲ್ಲಿ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1973ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟದಲ್ಲಿ ಈ ಸಂಖ್ಯೆ 573ಕ್ಕೆ ಏರಿತು. ಅವುಗಳಲ್ಲಿ 271 ಚಿಕ್ಕಬೆಟ್ಟದಲ್ಲಿವೆ, 172 ದೊಡ್ಡಬೆಟ್ಟದಲ್ಲಿವೆ, 80 ಊರೊಳಗೆ, 50 ಸುತ್ತಲ ಹಳ್ಳಿಗಳಲ್ಲಿವೆ. ಒಟ್ಟು ಶಾಸನಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಪ್ರವಾಸಿಗರು ಬಿಟ್ಟುಹೋಗುವ ಚಿಕ್ಕಬೆಟ್ಟದಲ್ಲಿಯೇ ಇವೆ ಎಂಬ ಅಂಶ ಗಮನಾರ್ಹ. ಗೊಮ್ಮಟ ನಿಲ್ಲುವುದಕ್ಕೆ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಮೊದಲೇ ಈ ಊರು ತೀರ್ಥವಾಗಿತ್ತು. ಅದನ್ನು ತೀರ್ಥವನ್ನಾಗಿ ಮಾಡಿದುದು ಕಳ್ಬಪ್ಪು.

ಮೊದಲ ಶಾಸನ ಏನು ಹೇಳುತ್ತದೆ?

ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ದಕ್ಷಿಣದ ಬಂಡೆಯ ಮೇಲೆ ಇರುವ, ಸುಮಾರು ಕ್ರಿ.ಶ. 600ರ ಸಂಸ್ಕೃತ ಶಾಸನವೇ ಇಲ್ಲಿನ ಅತ್ಯಂತ ಪ್ರಾಚೀನ ಬರಹ. ಇದು ಒಂದು ಪ್ರಯಾಣದ ವೃತ್ತಾಂತ. ಅಷ್ಟಾಂಗ ಮಹಾನಿಮಿತ್ತಗಳನ್ನು ಬಲ್ಲ ಭದ್ರಬಾಹುಸ್ವಾಮಿ ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂದಾಗಿ ಕಂಡು ಹೇಳಿದರು. ಸಂಘವೆಲ್ಲವೂ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತು. ಜನ, ಧನ, ಧಾನ್ಯಗಳಿಂದ ತುಂಬಿದ ನಾಡನ್ನು ಸೇರಿತು. ಆಗ ಪ್ರಭಾಚಂದ್ರನೆಂಬ ಆಚಾರ್ಯನು ತನ್ನ ಆಯುಷ್ಯ ಮುಗಿಯುತ್ತಿರುವುದನ್ನು ಅರಿತು, ಸಂಘವನ್ನು ಮುಂದಕ್ಕೆ ಕಳುಹಿಸಿ, ಒಬ್ಬ ಶಿಷ್ಯನೊಡನೆ ಕಟವಪ್ರದಲ್ಲಿ ಉಳಿದು ಸಮಾಧಿಯನ್ನು ಸಾಧಿಸಿದನು. ಕಾಲಕ್ರಮದಲ್ಲಿ ಏಳುನೂರು ಋಷಿಗಳು ಇಲ್ಲಿ ಹಾಗೆಯೇ ಸಮಾಧಿ ಹೊಂದಿದರು. ಶಾಸನದ ಸಾರ ಇಷ್ಟು.

ಈ ಬಂಡೆಯ ಮುಂದೆ ನಿಂತಾಗ ನಮ್ಮ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಸರಿಯಾದುದಾಗಿತ್ತು: “ಸರ್, ಇದರಾಗ ಚಂದ್ರಗುಪ್ತ ಮೌರ್ಯನ ಹೆಸರು ಯಾವ ಸಾಲಿನ್ಯಾಗ ಅದ?” ಯಾವ ಸಾಲಿನಲ್ಲಿಯೂ ಇಲ್ಲ. ಬೆಟ್ಟದ ಹೆಸರೇ ಚಂದ್ರಗಿರಿ. ಮೇಲೆ ಚಂದ್ರಗುಪ್ತ ಬಸದಿ ಇದೆ. ಪ್ರವಾಸಿಗೆ ಎಲ್ಲರೂ ಮೊದಲು ಹೇಳುವುದು ಮೌರ್ಯ ಚಕ್ರವರ್ತಿ ಇಲ್ಲಿ ಬಂದು ದೇಹತ್ಯಾಗ ಮಾಡಿದನೆಂದು. ಹಾಗಿದ್ದೂ ಅತ್ಯಂತ ಹಳೆಯ ದಾಖಲೆಯಲ್ಲಿ ಆ ಹೆಸರು ಕಾಣುವುದಿಲ್ಲ.

ಇಷ್ಟರಿಂದಲೇ ಐತಿಹ್ಯವನ್ನು ತಳ್ಳಿಹಾಕುವುದು ಆತುರವಾದೀತು. ಸುಮಾರು ಕ್ರಿ.ಶ. 650ರ, ಇದೇ ಬೆಟ್ಟದ ಇನ್ನೊಂದು ಶಾಸನವು ಭದ್ರಬಾಹು ಮತ್ತು ಚಂದ್ರಗುಪ್ತ ಎಂಬ ಮುನೀಂದ್ರರ ಜೋಡಿಯನ್ನು ಹೆಸರಿಸಿ, ಅವರಿಂದ ಬೆಳಗಿದ ಧರ್ಮವು ಕುಂದಿದಾಗ ಶಾಂತಿಸೇನ ಮುನಿಯು ಅದನ್ನು ಮತ್ತೆ ಎತ್ತಿಹಿಡಿದನೆಂದು ಹೇಳುತ್ತದೆ. ಶ್ರೀರಂಗಪಟ್ಟಣದ ಕಡೆಯ, ಸುಮಾರು ಕ್ರಿ.ಶ. 900ರ ಶಾಸನಗಳು ಕಳ್ಬಪ್ಪಿನ ಶಿಖರದಲ್ಲಿ ಈ ಇಬ್ಬರ ಪಾದಮುದ್ರೆಗಳಿರುವುದನ್ನು ಹೇಳುತ್ತವೆ. ಕ್ರಿ.ಶ. 931ರ ಹರಿಷೇಣನ ‘ಬೃಹತ್ಕಥಾಕೋಶ’ದಲ್ಲಿ ಚಂದ್ರಗುಪ್ತನು ಉಜ್ಜಯಿನಿಯ ಅರಸ, ದೀಕ್ಷೆಗೊಂಡು ವಿಶಾಖಾಚಾರ್ಯನಾಗುತ್ತಾನೆ. ‘ವಡ್ಡಾರಾಧನೆ’ಯ ಭದ್ರಬಾಹು ಭಟಾರರ ಕಥೆಯಲ್ಲಿ ಅವನು ಸಂಪ್ರತಿ ಚಂದ್ರಗುಪ್ತ. 19ನೆಯ ಶತಮಾನದ ದೇವಚಂದ್ರನ ‘ರಾಜಾವಳೀ ಕಥೆ’ಯ ವೇಳೆಗೆ ಕಥೆ ಇನ್ನಷ್ಟು ವಿಸ್ತಾರ ಪಡೆಯುತ್ತದೆ.

ರೈಸ್ ಮತ್ತು ನರಸಿಂಹಾಚಾರ್ಯರು ಈ ಪರಂಪರೆಯಲ್ಲಿ ಐತಿಹಾಸಿಕ ಸತ್ಯವಿದೆಯೆಂದು ವಾದಿಸಿದರು. ಜೆ.ಎಫ್. ಫ್ಲೀಟ್ ಒಪ್ಪಲಿಲ್ಲ, ಶಾಸನದ ಭದ್ರಬಾಹುವು ಶ್ರುತಕೇವಲಿಯಲ್ಲ, ಅನಂತರದ ಇನ್ನೊಬ್ಬ ಭದ್ರಬಾಹು ಎಂಬುದು ಅವರ ನಿಲುವು. ವಿನ್ಸೆಂಟ್ ಸ್ಮಿತ್ ಮೊದಲು ಸಂಶಯಿಸಿ, ಮುಂದೆ ಪರಂಪರೆಯನ್ನು ಒಪ್ಪುವತ್ತ ವಾಲಿದರು. ನಾವು ಖಚಿತವಾಗಿ ಹೇಳಬಹುದಾದುದು ಇಷ್ಟು: ಭದ್ರಬಾಹು–ಚಂದ್ರಗುಪ್ತರ ಜೋಡಿ ಈ ಬೆಟ್ಟದ ನೆನಪಿನಲ್ಲಿ 7ನೆಯ ಶತಮಾನದಿಂದ ಇದೆ, ಆ ಚಂದ್ರಗುಪ್ತನೇ ಮೌರ್ಯ ಚಕ್ರವರ್ತಿ ಎಂಬುದನ್ನು ಆ ಕಾಲದ ಬಂಡೆಬರಹ ಹೇಳುವುದಿಲ್ಲ. ಫಲಕವೊಂದರಲ್ಲಿ ಈ ಎರಡು ವಾಕ್ಯಗಳನ್ನು ಬರೆಯಲು ಹೆಚ್ಚು ಜಾಗ ಬೇಡ. ಇವುಗಳಿಂದ ಕ್ಷೇತ್ರದ ಘನತೆ ಕುಂದುವುದಿಲ್ಲ. ಒಬ್ಬ ಚಕ್ರವರ್ತಿಯ ಹೆಸರಿಗಿಂತ, ಏಳುನೂರು ಜನ ಹೆಸರಿಲ್ಲದ ತಪಸ್ವಿಗಳ ನೆನಪು ಈ ಬೆಟ್ಟವನ್ನು ಕಟ್ಟಿತು ಎಂಬ ಅರಿವು ಬಂದವನಿಗೆ ದೊರೆಯುತ್ತದೆ.

ಓದಲು ಬಾರದವರಿಗಾಗಿಯೂ ಇಲ್ಲಿ ವ್ಯವಸ್ಥೆಯಿತ್ತು. ಚಂದ್ರಗುಪ್ತ ಬಸದಿಯ ಮುಂಭಾಗದ ಜಾಲಂಧ್ರಗಳಲ್ಲಿ ಭದ್ರಬಾಹು–ಚಂದ್ರಗುಪ್ತರ ಕಥೆಯನ್ನು ತೊಂಬತ್ತು ಪುಟ್ಟ ಚೌಕಗಳಲ್ಲಿ ಕೆತ್ತಲಾಗಿದೆ. ಕೆತ್ತಿದ ರೂವಾರಿ ದಾಸೋಜನ ಹೆಸರು ಅಲ್ಲಿಯೇ ಇದೆ; ಕೆಲಸ 12ನೆಯ ಶತಮಾನದ್ದು. ಚಿತ್ರದ ಮೂಲಕ ಸ್ಥಳಚರಿತ್ರೆಯನ್ನು ತಿಳಿಸುವ ಫಲಕಗಳೆಂದರೆ ಇವೇ.

ನೋಂತು ಮುಡಿಪಿದವರು

ಕಳ್ಬಪ್ಪಿನ 7–8ನೆಯ ಶತಮಾನದ ಶಾಸನಗಳಲ್ಲಿ ಹೆಚ್ಚಿನವು ನಿಸಿಧಿ ಬರಹಗಳು. ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ಸ್ಮರಣೆಗಳು. ಎರಡು ಮೂರು ಸಾಲು ಮಾತ್ರ. ವ್ರತಿಯ ಊರು, ಗುರುವಿನ ಹೆಸರು, ವ್ರತಿಯ ಹೆಸರು, ಎಷ್ಟು ಕಾಲ ವ್ರತ ನಡೆಯಿತು, ಕೊನೆಗೆ ‘ಮುಡಿಪಿದರ್’ ಎಂಬ ಕ್ರಿಯಾಪದ. ಚಿತ್ತೂರಿನ ಮೌನಿಗುರುಗಳ ಶಿಷ್ಯೆ ನಾಗಮತಿ ಗಂತಿಯರು ಮೂರು ತಿಂಗಳು ನೋಂತು ಮುಡಿಪಿದ ಸಂಗತಿಯನ್ನು ಒಂದು ಬರಹ ತಿಳಿಸುತ್ತದೆ. ಅವರ ಬಗೆಗೆ ಬೇರೆಲ್ಲಿಯೂ ಒಂದಕ್ಷರ ಉಳಿದಿಲ್ಲ. ‘ಗಂತಿ’, ‘ಕಂತಿ’ ಎಂದರೆ ಜೈನ ಸನ್ಯಾಸಿನಿ. ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಕಂತಿ ಎಂಬ ಕವಯಿತ್ರಿಯ ಹೆಸರನ್ನು ಓದುವ ವಿದ್ಯಾರ್ಥಿಗೆ ಆ ಪದದ ಹಿಂದೆ ಇಂಥ ಒಂದು ಸಮುದಾಯವೇ ಇತ್ತೆಂಬುದು ಈ ಬಂಡೆಯ ಮುಂದೆ ತಿಳಿಯುತ್ತದೆ.

ಸಾಹಿತ್ಯದ ದೃಷ್ಟಿಯಿಂದ ಈ ಬರಹಗಳ ಬೆಲೆ ಹೆಚ್ಚಿನದು. ‘ಕವಿರಾಜಮಾರ್ಗ’ಕ್ಕಿಂತ ಮೊದಲಿನ ಕನ್ನಡ ಪದ್ಯ ಹೇಗಿತ್ತು ಎಂದು ಕೇಳಿದರೆ ನಾವು ತೋರಿಸಬಹುದಾದ ಕೆಲವೇ ಉದಾಹರಣೆಗಳಲ್ಲಿ ನಂದಿಸೇನ ಮುನಿಯ ನಿಸಿಧಿ ಶಾಸನ ಒಂದು. ಸುಮಾರು ಕ್ರಿ.ಶ. 700ರ ಈ ಪದ್ಯ ರೂಪ, ಸಂಪತ್ತುಗಳ ನಿಲ್ಲದ ಗುಣವನ್ನು ಕ್ಷಣಿಕ ಪ್ರಕೃತಿ ವಸ್ತುಗಳಿಗೆ ಹೋಲಿಸಿ, ಆ ಅರಿವಿನಿಂದಲೇ ಮುನಿಯು ವ್ರತ ಕೈಗೊಂಡನೆಂದು ಹೇಳುತ್ತದೆ. ಬರೆದವನ ಹೆಸರು ಗೊತ್ತಿಲ್ಲ. ಆದರೆ ಛಂದಸ್ಸು ಪಳಗಿದ್ದು, ಉಪಮೆ ಹದವಾಗಿದೆ. ಇಂಥ ಪದ್ಯ ಮೊದಲ ಪ್ರಯತ್ನದಲ್ಲಿ ಬರುವಂಥದಲ್ಲ. ಅದರ ಹಿಂದೆ ನಮಗೆ ದೊರೆಯದ ಒಂದು ಕಾವ್ಯ ಪರಂಪರೆ ಇದ್ದಿರಬೇಕು. ಷ. ಶೆಟ್ಟರ್ ಅವರು ‘ಇನ್‌ವೈಟಿಂಗ್ ಡೆತ್’ (1986) ಗ್ರಂಥದಲ್ಲಿ ಈ ನಿಸಿಧಿಗಳನ್ನು ಒಟ್ಟಾಗಿ ಓದಿ, ಒಂದು ಸಮಾಜವು ಸಾವನ್ನು ಹೇಗೆ ಎದುರುಗೊಂಡಿತೆಂಬುದನ್ನು ವಿವರಿಸಿದ್ದಾರೆ. ಶಾಸನಗಳನ್ನು ರಾಜಮನೆತನಗಳ ಕಾಲನಿರ್ಣಯಕ್ಕೆ ಮಾತ್ರ ಬಳಸುವ ರೂಢಿಯಿಂದ ಹೊರಬರಲು ಈ ಅಧ್ಯಯನ ನೆರವಾಯಿತು.

ಅರಸರೂ ಈ ಮಾರ್ಗವನ್ನು ಹಿಡಿದರು. ಕೂಗೆ ಬ್ರಹ್ಮದೇವ ಕಂಬದ ಶಾಸನ ಗಂಗ ಮಾರಸಿಂಹನ ಯುದ್ಧಗಳನ್ನು ಉದ್ದಕ್ಕೂ ಎಣಿಸಿ, ಕೊನೆಯಲ್ಲಿ ಅವನು ರಾಜ್ಯ ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ನೋಂತು ದೇಹ ಬಿಟ್ಟ ಸಂಗತಿಯನ್ನು ಹೇಳುತ್ತದೆ, ಕಾಲ ಕ್ರಿ.ಶ. 974ರ ಸುಮಾರು. ಈ ಅಜಿತಸೇನರೇ ಚಾವುಂಡರಾಯನ ಗುರು, ರನ್ನನ ಗುರು.

ಬಂದವರ ಸಹಿ

ರನ್ನನ ಹೆಸರು ಬಂದುದರಿಂದ ಚಿಕ್ಕಬೆಟ್ಟದ ಇನ್ನೊಂದು ಬಗೆಯ ಬರಹಗಳನ್ನು ನೋಡಬೇಕು. ಅವು ಒಂದೊಂದು ಹೆಸರಿನ ಕಿರುಶಾಸನಗಳು. ಯಾತ್ರಿಕರು ಬಂದು ಹೋದ ಗುರುತುಗಳು. 10ನೆಯ ಶತಮಾನದ ಲಿಪಿಯಲ್ಲಿ ‘ಶ್ರೀ ಕವಿರತ್ನ’ ಎಂಬ ಒಂದು ಬರಹವಿದೆ. ಚಾವುಂಡಯ್ಯ, ನಾಗವರ್ಮ ಎಂಬ ಹೆಸರುಗಳೂ ಕಾಣುತ್ತವೆ. ‘ಕವಿರತ್ನ’ ರನ್ನನ ಬಿರುದು. ಆದ್ದರಿಂದ ಈ ಬರಹ ಅವನದೇ ಎಂದು ವಿದ್ವಾಂಸರು ಊಹಿಸಿದ್ದಾರೆ. ಊಹೆ ಬಲವಾದುದು, ಆದರೂ ಊಹೆಯೆಂದೇ ಹೇಳಬೇಕು.

ನಮ್ಮ ಸೀಮೆಯವರಿಗೆ ಈ ಎರಡು ಪದ ಬೇರೆ ಕಾರಣಕ್ಕೂ ಮುಖ್ಯ. ರನ್ನ ಹುಟ್ಟಿದುದು ಘಟಪ್ರಭೆಯ ಸೀಮೆಯ ಮುದುವೊಳಲಿನಲ್ಲಿ, ಎಂದರೆ ಮುಧೋಳದಲ್ಲಿ. ಅದು 1997ರವರೆಗೆ ನಮ್ಮ ವಿಜಾಪುರ ಜಿಲ್ಲೆಗೇ ಸೇರಿತ್ತು. ಬಳೆಗಾರರ ಮನೆಯ ಹುಡುಗನೊಬ್ಬ ವಿದ್ಯೆಯನ್ನು ಅರಸಿ ತೆಂಕಣಕ್ಕೆ ನಡೆದು, ಅಜಿತಸೇನರಲ್ಲಿ ಕಲಿತು, ಚಾವುಂಡರಾಯನ ಆಶ್ರಯ ಪಡೆದು, ಮತ್ತೆ ಬಡಗಣಕ್ಕೆ ಬಂದು ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿ ಎನಿಸಿಕೊಂಡ. ಅತ್ತಿಮಬ್ಬೆಯ ಪ್ರೇರಣೆಯಿಂದ 993ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದ. ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟ. ಪೋಷಕರ ಋಣವನ್ನು ಮನೆಯಲ್ಲಿ ದಿನವೂ ಕೂಗಿ ಕರೆಯುವ ಹೆಸರುಗಳಲ್ಲಿ ಇಟ್ಟುಕೊಂಡ ಕವಿ ಅವನು. ಉತ್ತರದ ಎರೆಸೀಮೆಯಿಂದ ಬೆಳಗೊಳಕ್ಕೆ ಇಂದು ಬಸ್ಸಿನಲ್ಲಿ ಹೋಗುವ ವಿದ್ಯಾರ್ಥಿಗಳು ಅವನು ನಡೆದ ದಿಕ್ಕಿನಲ್ಲಿಯೇ ಹೋಗುತ್ತಾರೆ.

ಮುಂದೆ 15ರಿಂದ 19ನೆಯ ಶತಮಾನದವರೆಗೆ ಉತ್ತರ ಭಾರತದ ಯಾತ್ರಿಕರು ನಾಗರಿ ಮತ್ತು ಮಹಾಜನಿ ಲಿಪಿಗಳಲ್ಲಿ ತಮ್ಮ ಹೆಸರು, ಕುಲ, ಗೋತ್ರಗಳನ್ನು ಇಲ್ಲಿ ಕೆತ್ತಿಸಿದರು. ಬೆಳಗೊಳದ ಕೀರ್ತಿ ಎಷ್ಟು ದೂರ ಹರಡಿತ್ತೆಂಬುದಕ್ಕೆ ಇವುಗಳಿಗಿಂತ ಬೇರೆ ಸಾಕ್ಷಿ ಬೇಡ.

ಇಲ್ಲಿ ವಿದ್ಯಾರ್ಥಿಗಳು ಎತ್ತುವ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಅಂದು ಹೆಸರು ಕೆತ್ತಿದರೆ ಶಾಸನ, ಇಂದು ಕೆತ್ತಿದರೆ ಅಪರಾಧವೇ? ಹೌದು, ಮತ್ತು ಅದಕ್ಕೆ ಕಾರಣವಿದೆ. ಆ ಯಾತ್ರಿಕರು ಬರೆದುದು ಬಳಕೆಯಲ್ಲಿದ್ದ ತೀರ್ಥದ ಬಂಡೆಯ ಮೇಲೆ, ಯಾತ್ರೆಯ ಅಂಗವಾಗಿ. ಇಂದು ಆ ಬಂಡೆ ಒಂದು ಪುಟ; ಅದರ ಮೇಲೆ ಗೀಚಿದರೆ ಮೊದಲಿನ ಬರಹ ಅಳಿಯುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯು 2010ರ ತಿದ್ದುಪಡಿಯ ಪ್ರಕಾರ ಇಂಥ ಕೃತ್ಯಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಗೀಚುವುದಷ್ಟೇ ಹಾನಿಯಲ್ಲ. ಚಿಕ್ಕಬೆಟ್ಟದ ಬರಹಗಳಲ್ಲಿ ಬಹಳಷ್ಟು ನಾವು ನಡೆಯುವ ಹಾಸುಬಂಡೆಯ ಮೇಲೆಯೇ ಇವೆ. ಅಲ್ಲಲ್ಲಿ ಕಟಾಂಜನ ಹಾಕಿ ಕಾಪಾಡಿದ್ದರೂ, ಕಾಲ ಕೆಳಗೆ ನೋಡಿ ನಡೆಯುವ ಎಚ್ಚರವನ್ನು ಯಾತ್ರಿಕನೇ ತರಬೇಕು.

ದೊಡ್ಡಬೆಟ್ಟ: ಪೀಠದ ಬರಹವೂ ಕಥೆಯೂ

ಸುಮಾರು 58 ಅಡಿ ಎತ್ತರದ ಗೊಮ್ಮಟನನ್ನು ಗಂಗ ರಾಚಮಲ್ಲನ ಮಂತ್ರಿ ಚಾವುಂಡರಾಯ ಮಾಡಿಸಿದ; ಪ್ರತಿಷ್ಠೆಯ ವರ್ಷ ಕ್ರಿ.ಶ. 981 ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಮೂರ್ತಿಯ ಪಾದಗಳ ಪಕ್ಕದಲ್ಲಿ ಇದನ್ನು ಮಾಡಿಸಿದವನು ಚಾವುಂಡರಾಜ ಎಂಬ ಒಂದೇ ಮಾತು ಕನ್ನಡ, ತಮಿಳು, ಮರಾಠಿ ಈ ಮೂರು ಭಾಷೆಗಳಲ್ಲಿದೆ. ಮರಾಠಿಯ ಸಾಲು ಆ ಭಾಷೆಯ ಅತ್ಯಂತ ಹಳೆಯ ಬರಹಗಳಲ್ಲಿ ಒಂದೆಂದು ಪ್ರಸಿದ್ಧ. ಇನ್ನೊಂದು ಬದಿಯಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಸುತ್ತಾಲಯವನ್ನು ಕಟ್ಟಿಸಿದ ವಿಷಯವಿದೆ. ಮರಾಠಿ ಸಾಲು ಗಂಗರಾಜನ ಕಾಲದ್ದಿರಬಹುದೆಂದು ಕೆಲವರು ಅಭಿಪ್ರಾಯಪಟ್ಟಿದ್ದಾರೆ. ಅದೇನೇ ಇದ್ದರೂ, ಬರುವವರ ಭಾಷೆಗಳಲ್ಲಿ ಮಾಹಿತಿ ಬರೆಯಬೇಕೆಂಬ ತಿಳಿವಳಿಕೆ ಇಲ್ಲಿ ಬಹು ಹಿಂದಿನದು.

ದ್ವಾರದ ಬಳಿ ಇರುವ, ಸುಮಾರು 1180ರ ಬೊಪ್ಪಣ ಪಂಡಿತನ ಶಾಸನ ಒಂದು ಸಣ್ಣ ಕಾವ್ಯವೇ ಸರಿ. ಭರತನು ಪೌದನಪುರದಲ್ಲಿ ಬಾಹುಬಲಿಯ ಮೂರ್ತಿಯನ್ನು ಮಾಡಿಸಿದುದು, ಕಾಲಾಂತರದಲ್ಲಿ ಕುಕ್ಕುಟಸರ್ಪಗಳು ಆವರಿಸಿ ಅದು ಜನರಿಗೆ ಕಾಣದಾದುದು, ಅದನ್ನು ನೋಡಬಯಸಿದ ಚಾವುಂಡರಾಯನಿಗೆ ದಾರಿ ದೂರ, ದುರ್ಗಮ ಎಂದು ಹಿರಿಯರು ತಿಳಿಸಿದುದು, ಆಗ ಅವನು ಇಲ್ಲಿಯೇ ಅಂಥ ಮೂರ್ತಿಯನ್ನು ಮಾಡಿಸಲು ನಿಶ್ಚಯಿಸಿದುದು ಇವೆಲ್ಲ ಅದರಲ್ಲಿ ಬರುತ್ತವೆ. ಎತ್ತರ, ಸೌಂದರ್ಯ, ಅತಿಶಯ ಇವು ಒಂದೆಡೆ ಕೂಡುವುದು ಅಪರೂಪವೆಂಬ ಬೊಪ್ಪಣನ ವಿಚಾರ ಇಂದಿಗೂ ಶಿಲ್ಪ ವಿಮರ್ಶೆಯ ಉತ್ತಮ ಮಾದರಿ.

ಮಾರ್ಗದರ್ಶಿಗಳು ಹೇಳುವ ಎರಡು ಕಥೆಗಳು ಈ ಶಾಸನದಲ್ಲಿಲ್ಲ. ಚಾವುಂಡರಾಯ ಚಿಕ್ಕಬೆಟ್ಟದಿಂದ ಬಾಣ ಬಿಟ್ಟಾಗ ಮೂರ್ತಿ ಕಾಣಿಸಿತೆಂಬುದು ಒಂದು. ಅವನ ಕೊಡಗಟ್ಟಲೆ ಹಾಲು ಮೂರ್ತಿಯ ತೊಡೆಯಿಂದ ಕೆಳಗಿಳಿಯದೆ, ಗುಳ್ಳಕಾಯಜ್ಜಿಯ ಗುಳ್ಳಕಾಯಿಯ ಹಾಲು ಪಾದ ಮುಟ್ಟಿತೆಂಬುದು ಇನ್ನೊಂದು. ಇವು ಮುಂದಿನ ಶತಮಾನಗಳ ಸ್ಥಳಕಥನಗಳಲ್ಲಿ, ಜನರ ಬಾಯಲ್ಲಿ ಬೆಳೆದವು. ಶಾಸನದಲ್ಲಿಲ್ಲ ಎಂದ ಮಾತ್ರಕ್ಕೆ ಇವುಗಳನ್ನು ಕೈಬಿಡಬೇಕಿಲ್ಲ. ಅಣ್ಣನನ್ನು ಗೆದ್ದೂ ರಾಜ್ಯ ಬಿಟ್ಟ ಬಾಹುಬಲಿಯ ಮುಂದೆ, ಮಾಡಿಸಿದವನ ಹೆಮ್ಮೆಯೂ ನಿಲ್ಲಬಾರದೆಂಬ ಜನರ ನ್ಯಾಯ ಅಜ್ಜಿಯ ಕಥೆಯಲ್ಲಿದೆ. ಕಥೆಯನ್ನು ಕಥೆಯೆಂದೂ ದಾಖಲೆಯನ್ನು ದಾಖಲೆಯೆಂದೂ ಹೇಳಿದರೆ ಎರಡಕ್ಕೂ ಗೌರವ ಸಲ್ಲುತ್ತದೆ.

ಊರೊಳಗಿನ ಒಂದು ಒಪ್ಪಂದ

ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿ ಹುಳ್ಳನು 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿಯಲ್ಲಿ ವಿಜಯನಗರದ ಬುಕ್ಕರಾಯನ 1368ರ ಶಾಸನವಿದೆ. ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಯ ಜೈನರು ಅರಸನಲ್ಲಿ ಮೊರೆಯಿಟ್ಟರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರ ಪಂಚಮಹಾವಾದ್ಯ, ಕಲಶಗಳ ಹಕ್ಕು ಸ್ಥಿರವಾಯಿತು. ಜೈನರ ಮನೆ ಮನೆಯಿಂದ ವರ್ಷಕ್ಕೊಂದು ಹಣ ಎತ್ತಿ, ಅದರಿಂದ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಜನರನ್ನು ಶ್ರೀವೈಷ್ಣವರೇ ನೇಮಿಸಬೇಕು. ಉಳಿದ ಹಣದಿಂದ ಬಸದಿಗಳಿಗೆ ಸುಣ್ಣ ಬಳಿಸಿ ಜೀರ್ಣೋದ್ಧಾರ ಮಾಡಿಸಬೇಕು. ಈ ಹೊಣೆ ತಿರುಮಲೆಯ ತಾತಯ್ಯನದು. ತೀರ್ಪಿನ ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ದೊರೆತಿದೆ.

ಇದನ್ನು ಸೌಹಾರ್ದದ ಶಾಸನವೆಂದು ಭಾಷಣಗಳಲ್ಲಿ ನೆನೆಯುತ್ತೇವೆ. ಅದರೊಳಗೆ ಜಗಳವಿದೆ, ದೂರಿದೆ, ಹಣದ ಲೆಕ್ಕವಿದೆ, ಕಾವಲುಗಾರರ ಸಂಖ್ಯೆಯಿದೆ ಎಂಬುದನ್ನು ಮರೆಯುತ್ತೇವೆ. ಎದುರಾಳಿಗಳಾಗಿದ್ದವರ ಮೇಲೆಯೇ ಕಾವಲಿನ ಹೊಣೆ ಹೊರಿಸಿದ ಆ ಉಪಾಯದಲ್ಲಿ ರಾಜನೀತಿಯ ವಿವೇಕವಿದೆ. ಸಾರಾಂಶ ಓದುವವನಿಗೆ ಆದರ್ಶ ಮಾತ್ರ ಸಿಗುತ್ತದೆ. ಮೂಲ ಓದುವವನಿಗೆ ಆದರ್ಶ ನಡೆದ ದಾರಿ ಸಿಗುತ್ತದೆ.

ಆಗಬೇಕಾದುದು

ಮಹಾಮಸ್ತಕಾಭಿಷೇಕದಂಥ ಸಂದರ್ಭಗಳಲ್ಲಿ (ಈಚಿನದು 2018ರಲ್ಲಿ ನಡೆಯಿತು) ಲಕ್ಷಾಂತರ ಜನ ಬೆಳಗೊಳಕ್ಕೆ ಬರುತ್ತಾರೆ. ಅವರಿಗೆ ವಸತಿ, ದಾರಿ, ನೀರಿನ ಮಾಹಿತಿ ಅಗತ್ಯ. ಅದರ ಜೊತೆಗೆ ಕೆಲವೇ ಶಾಸನಗಳ ಮೂಲಪಾಠ, ಹೊಸಗನ್ನಡದ ಸರಳಾನುವಾದ, ಕಾಲ ಇವಿಷ್ಟನ್ನು ಅಚ್ಚುಕಟ್ಟಾಗಿ ಮಾಹಿತಿ ಕೇಂದ್ರಗಳಲ್ಲಿ ಇರಿಸಿದರೆ ಬಂದವರಲ್ಲಿ ನೂರಕ್ಕೆ ಐದು ಜನವಾದರೂ ಓದಿಯಾರು. ಈ ಅನುವಾದ ನಮ್ಮ ಕನ್ನಡ ವಿಭಾಗಗಳ ಕೆಲಸ. ಹಳಗನ್ನಡ ಓದಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವಾಗ ಇದನ್ನು ಮುಂದಕ್ಕೆ ಹಾಕುವಂತಿಲ್ಲ. ಬಂಡೆ ಉಳಿದೂ ಓದುವವರು ಇಲ್ಲದಿದ್ದರೆ ಅದು ಬರಿಯ ಬಂಡೆ.

ಅಧ್ಯಯನಕ್ಕೆಂದು ಹೋಗುವ ವಿದ್ಯಾರ್ಥಿಗಳಿಗೆ ನನ್ನ ಸೂಚನೆ ಇಷ್ಟು. ಎರಡು ದಿನ ಇಟ್ಟುಕೊಳ್ಳಿ. ಮೊದಲ ಬೆಳಗ್ಗೆ ಬಿಸಿಲೇರುವ ಮುನ್ನ ಚಿಕ್ಕಬೆಟ್ಟ ಹತ್ತಿ. ಓರೆಬಿಸಿಲಿನಲ್ಲಿ ಅಕ್ಷರಗಳು ಚೆನ್ನಾಗಿ ಕಾಣುತ್ತವೆ. ಮೊದಲ ಶಾಸನ, ನಿಸಿಧಿಗಳು, ಮಾರಸಿಂಹನ ಕಂಬ, ಜಾಲಂಧ್ರ, ಪಾರ್ಶ್ವನಾಥ ಬಸದಿಯ 1129ರ ಮಲ್ಲಿಷೇಣ ಪ್ರಶಸ್ತಿ, ಶಾಂತಲದೇವಿಯ ಸವತಿಗಂಧವಾರಣ ಬಸದಿ ಈ ಕ್ರಮದಲ್ಲಿ ನೋಡಿ. ಮಧ್ಯಾಹ್ನ ಊರೊಳಗಿನ ಭಂಡಾರಿ ಬಸದಿ ಮತ್ತು 1181ರಲ್ಲಿ ಆಚಿಯಕ್ಕ ಕಟ್ಟಿಸಿದ ಅಕ್ಕನ ಬಸದಿ. ಮರುದಿನ ದೊಡ್ಡಬೆಟ್ಟ. ಕೈಯಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟದ ಬೇಕಾದ ಪುಟಗಳ ಜೆರಾಕ್ಸ್ ಪ್ರತಿ ಇರಲಿ. ಅಚ್ಚಿನ ಪಾಠವನ್ನೂ ಕಲ್ಲಿನ ಪಾಠವನ್ನೂ ಒಂದು ಸಾಲಿನಲ್ಲಾದರೂ ಅಕ್ಷರ ಅಕ್ಷರವಾಗಿ ಹೋಲಿಸಿ ಓದಿ, ನಂತರವೇ ಬೆಟ್ಟ ಇಳಿಯಿರಿ.